ರಂಗನ ದನಿಯ ಕೆಳಗೆ

ಮಂಡ್ಯ
12 ಫೆಬ್ರವರಿ 1978

ಪ್ರಿಯ ಮಾದಯ್ಯ,

ಅಕ್ಷರ ನೋಡಿದ ಕೂಡಲೇ ಕಾಗದ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಬಿಸಾಡುವ ಮುಂಚೆ ಒಂದು ಸಲ ಓದು, ಆಮೇಲೆ ನಿನ್ನಿಷ್ಟ. ಹದಿನಾಲ್ಕು ತಿಂಗಳ ಹಿಂದೆ ನೀನು ನಮ್ಮ ಮನೆ ಬಾಗಿಲಲ್ಲಿ ನಿಂತು ನನ್ನ ಗಂಟಲಿಗೆ ಹಾಕಿದ ಶಾಪ ಇನ್ನೂ ಕಿವಿಯಲ್ಲಿದೆ. ಆ ವಿಷಯದಲ್ಲಿ ತಪ್ಪು ನನ್ನದೇ ಎಂದು ಆವತ್ತೇ ಒಪ್ಪಿಕೊಂಡಿದ್ದೇನೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ಎಷ್ಟು ದಿನ ಹೀಗಿರುವುದು?

ಈಗ ಬರೆಯುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಧ್ವನಿಮುದ್ರಿಸಿದ ‘ಕಬ್ಬಿನ ಗಾಡಿ’ ಹಾಡು ಬೆಂಗಳೂರಿನ ಒಂದು ರೆಕಾರ್ಡು ಕಂಪನಿಯ ಮ್ಯಾನೇಜರ ಕಿವಿಗೆ ಬಿದ್ದಿದೆ. ಅಮೆರಿಕದ ಹಳ್ಳಿಗರ ಧಾಟಿಯ ಗಿಟಾರು, ಅದರ ಜೊತೆಗೆ ನಮ್ಮ ಕಡೆಯ ತಮಟೆ, ಇಂಥ ಕಂಟ್ರಿ ರಾಕ್ ಹಾಡನ್ನು ಕನ್ನಡದಲ್ಲಿ ತಾವು ಕೇಳಿಲ್ಲ, ಸಣ್ಣ ರೆಕಾರ್ಡು ತರೋಣ ಎಂದಿದ್ದಾರೆ. ಆದರೆ ನಾನು ಕಳಿಸಿದ ಟೇಪು ಕಲಸುಮೇಲೋಗರವಾಗಿದೆಯಂತೆ. ಗಿಟಾರು ದನಿಯನ್ನು ಮುಚ್ಚಿದೆ, ದನಿ ತೆಳ್ಳಗಿದೆ, ಮಿಕ್ಸಿಂಗು ಸರಿ ಮಾಡಿ ಏಪ್ರಿಲ್ ಕೊನೆಯೊಳಗೆ ಕಳಿಸಿ ಎಂದು ಬರೆದಿದ್ದಾರೆ.

ಟೇಪು ಸುತ್ತಿದ ಮೂಲ ಸ್ಪೂಲು ನನ್ನ ಹತ್ತಿರವೇ ಇದೆ. ಎಡಗಡೆ ಟ್ರ್ಯಾಕಿನಲ್ಲಿ ನಿನ್ನ ಗಿಟಾರು ಮತ್ತು ಬಸರಾಳಿನ ತಿಮ್ಮಯ್ಯನ ತಮಟೆ, ಬಲಗಡೆಯದರಲ್ಲಿ ನನ್ನ ದನಿ. ಎರಡನ್ನೂ ಹದವಾಗಿ ಬೆರೆಸಿ ಇನ್ನೊಂದು ಮೆಷೀನಿಗೆ ಇಳಿಸಬೇಕು, ಅಷ್ಟೇ ಕೆಲಸ. ಮೂರು ಭಾನುವಾರ ಕೂತು ನೋಡಿದೆ, ನನ್ನಿಂದಾಗಲಿಲ್ಲ. ಯಾವ ನಾಬು ಎಷ್ಟು ತಿರುಗಿಸಬೇಕು ಎಂಬುದು ನಿನ್ನ ಬೆರಳಿಗೇ ಗೊತ್ತಿತ್ತು. ಬರಲು ಮನಸ್ಸಿಲ್ಲದಿದ್ದರೆ ಬೇಡ, ಎರಡು ಸಾಲು ಸಲಹೆಯನ್ನಾದರೂ ಬರೆ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ.

ಇಂತಿ ನಿನ್ನ ಗೆಳೆಯ,
ಕಸ್ತೂರಿರಂಗ


ಪವರ್ ಹೌಸ್ ಕ್ವಾರ್ಟರ್ಸ್, ಶಿವನಸಮುದ್ರ
20 ಫೆಬ್ರವರಿ 1978

ಕಸ್ತೂರಿರಂಗನಿಗೆ,

‘ಪ್ರಿಯ’ ಎಂದು ಬರೆಯಲು ಕೈ ಬರಲಿಲ್ಲ. ಇಲ್ಲಿ ನಾನೂ ಅವ್ವನೂ ಇದ್ದೇವೆ. ನಿನ್ನ ಕ್ಷೇಮ ಕೇಳುವುದಿಲ್ಲ, ನೀನು ಯಾವತ್ತೂ ಕ್ಷೇಮವಾಗಿಯೇ ಇರುತ್ತೀಯ.

ನಿನ್ನ ಕಾಗದದಲ್ಲಿ ತಿಮ್ಮಯ್ಯನ ತಮಟೆಗೂ ಜಾಗ ಸಿಕ್ಕಿದೆ, ನನ್ನ ತಂಗಿಯ ಹೆಸರಿಗೆ ಸಿಕ್ಕಿಲ್ಲ. ‘ಆ ವಿಷಯ’ ಎಂದು ಬರೆದಿದ್ದೀಯ. ಆ ವಿಷಯಕ್ಕೆ ಅಂಕಮ್ಮ ಎಂದು ಹೆಸರು. ನೀನು ಮರೆತಿದ್ದರೆ ನಾನು ನೆನಪು ಮಾಡುತ್ತೇನೆ, ನನಗೆ ಬೇರೆ ಕೆಲಸವೇನೂ ಇಲ್ಲ.

1975ರ ಜನವರಿ, ಭಾನುವಾರ ಮಧ್ಯಾಹ್ನ. ನಿಮ್ಮ ಮನೆಯ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಕೂತಿದ್ದೆವು. ಹೊರಗಿನ ಸದ್ದು ಬರದಿರಲಿ ಎಂದು ಗೋಡೆಗೆಲ್ಲ ರಗ್ಗು ಕಂಬಳಿ ನೇತುಹಾಕಿದ್ದೆ ನೀನು. ನಿಮ್ಮ ಭಾವ ಸಿಂಗಾಪುರದಿಂದ ತಂದುಕೊಟ್ಟ ಟೇಪ್ ರೆಕಾರ್ಡರನ್ನು ದೇವರ ಮಂಟಪದ ಹಾಗೆ ಮಣೆಯ ಮೇಲಿಟ್ಟಿದ್ದೆ. ಗಿಟಾರು ತಮಟೆ ಎರಡೂ ಮುಗಿದವು. ನಿನ್ನ ಹಾಡು ಮಾತ್ರ ಹನ್ನೆರಡು ಸಲ ಹಾಡಿದರೂ ಮುಗಿಯಲಿಲ್ಲ. ಆಗ ಅಂಕಮ್ಮ ನನಗೆ ಊಟದ ಡಬ್ಬಿ ತಂದಳು. ಮಂಡ್ಯದಲ್ಲಿ ಹೊಲಿಗೆ ಕಲಿಯಲೆಂದು ನನ್ನ ರೂಮಿನಲ್ಲಿದ್ದ ಹುಡುಗಿ. ಬಾಗಿಲಲ್ಲಿ ನಿಂತು ಕೇಳಿದವಳು, ಹೀಗಾ ಅಣ್ಣ, ಎಂದು ಸುಮ್ಮನೆ ಹಾಡಿ ತೋರಿಸಿದಳು. ನೀನೇ ಮೈಕಿನ ಮುಂದೆ ನಿಲ್ಲಿಸಿದೆ. ಒಂದೇ ಸಲಕ್ಕೆ ಮುಗಿಸಿದಳು. ನಿಮ್ಮಮ್ಮ ಸರಸಮ್ಮನವರು ಒಲೆ ಮೇಲಿನ ಹಾಲು ಬಿಟ್ಟು ಬಂದು ನಿಂತು ಕೇಳಿದ್ದರು. ಹಾಲು ಉಕ್ಕಿತ್ತು.

ಅದೇ ವೈಶಾಖದಲ್ಲಿ ಅವಳನ್ನು ಮದ್ದೂರಿಗೆ ಕೊಟ್ಟೆವು. ಮರುವರ್ಷ ಕಾಮಾಲೆ ಬಂದು ಹೋಗಿಬಿಟ್ಟಳು. ಇಪ್ಪತ್ತು ತುಂಬಿರಲಿಲ್ಲ. ಒಂದು ಫೋಟೋ ಇಲ್ಲ, ಇದ್ದದ್ದು ಆ ಮೂರು ನಿಮಿಷದ ಹಾಡು. ತಿಥಿಯ ಮಾರನೇ ದಿನ ಅವ್ವ ನನ್ನ ಕೈ ಹಿಡಿದುಕೊಂಡು, “ಮಂಡ್ಯದ ಅಯ್ನೋರ ಮನೆ ಪೆಟ್ಗೇಲಿ ಅಂಕಿ ದನಿ ಅದಂತಲ್ಲ, ಅದೊಂದ ತಂದು ಕೇಳುಸ್ಬುಡ್ಲಾ” ಎಂದಳು. ಅದನ್ನು ಕೇಳಲು ನಿನ್ನ ಬಾಗಿಲಿಗೆ ಬಂದರೆ, ಅದನ್ನು ಯಾವತ್ತೋ ಒರೆಸಿ ಅದರ ಮೇಲೆ ನಾನೇ ಹಾಡಿಬಿಟ್ಟೆ ಕಣೋ ಎಂದೆ ನೀನು. ಹಲಗೆ ಮೇಲಿನ ಲೆಕ್ಕ ಒರೆಸಿದವನ ಹಾಗೆ ಹೇಳಿದೆ.

ನಿನಗೆ ಸಹಾಯ ಮಾಡಬೇಕೇ? ಮಾಡುತ್ತೇನೆ, ಕೇಳು. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಗಿಟಾರನ್ನು ಅರ್ಧಕ್ಕಿಂತ ಕೆಳಗೆ ಇಳಿಸು. ಅದರ ಬಾಸು ಪೂರ್ತಿ ಕಡಿ, ತಮಟೆಯ ಗುಡುಗು ತಾನಾಗಿ ತಗ್ಗುತ್ತದೆ. ದನಿಯ ಟ್ರ್ಯಾಕನ್ನು ಮುಂದಕ್ಕೆ ತಂದು ಅದರ ಟ್ರೆಬಲ್ ಏರಿಸು. ನಿನ್ನ ದನಿ ಬೋಳು ಬೋಳಾಗಿ ನಿಲ್ಲುತ್ತದೆ. ಇಷ್ಟು ದಿನ ನಿನ್ನ ಮಾನ ಮುಚ್ಚಿದ್ದದ್ದು ನನ್ನ ಗಿಟಾರು. ಅದನ್ನು ಸರಿಸಿಬಿಡು. ನೀನು ಯಾವ ಹುಡುಗಿಯ ದನಿ ಒರೆಸಿ ಯಾವ ದನಿ ತಂದು ಇಟ್ಟೆ ಎಂಬುದನ್ನು ನೀನೂ ಕೇಳು, ಕಂಪನಿಯವರೂ ಕೇಳಲಿ. ನನಗೆ ಬೇಕಾದದ್ದು ಅಷ್ಟೇ.

ಮಾದಯ್ಯ


ಮಂಡ್ಯ
9 ಮಾರ್ಚ್ 1978

ಪ್ರಿಯ ಮಾದಯ್ಯ,

ನೀನು ಬೈದದ್ದಕ್ಕೆ ಉತ್ತರ ಕೊಡುವುದಿಲ್ಲ. ಅಂಕಮ್ಮನ ಹೆಸರು ಬರೆಯಬೇಕಿತ್ತು, ಬರೆಯಲಾಗಲಿಲ್ಲ, ಅದೂ ನಿಜ.

ನೀನು ಹೇಳಿದಂತೆಯೇ ಮಾಡಿದೆ. ಹಾಡು ತೊಳೆದಿಟ್ಟ ಹಾಗಾಯಿತು. ನನ್ನ ದನಿ ನನಗೇ ಕಷ್ಟವಾಯಿತು, ನೀನು ಕುಶಿಪಡು. ಆದರೂ ಮಾತು ಸ್ಪಷ್ಟವಾಗಿ ಕೇಳುತ್ತದೆ, ಅದು ಮುಖ್ಯ.

ಈಗ ಇನ್ನೊಂದು ತೊಂದರೆ ಹತ್ತಿಕೊಂಡಿದೆ. ಗಿಟಾರು ಇಳಿಸಿದ ಮೇಲೆ ದನಿಯ ಹಿಂದೆ ಏನೋ ಒಂದು ಕೇಳಿಸುತ್ತಿದೆ. ತೀರಾ ಸಣ್ಣದು, ಪಕ್ಕದ ಮನೆಯ ರೇಡಿಯೋ ಗೋಡೆಯಾಚೆಯಿಂದ ಕೇಳಿದ ಹಾಗೆ. ನಾನು ಹಾಡುವಾಗ ತಿಳಿಯುವುದಿಲ್ಲ, ನಿಲ್ಲಿಸಿದ ಕಡೆ ಬಂದು ಹೋಗುತ್ತದೆ. ಯಾವುದೋ ಸ್ಟೇಷನ್ ಸೇರಿಕೊಂಡಿರಬೇಕು ಎಂದುಕೊಂಡೆ. ಭಾವ ನೋಡಿ ಮೆಷೀನಿನಲ್ಲಿ ಟೇಪು ತಾಗುವ ಹೆಡ್ಡು ಕೊಳೆಯಾಗಿದೆ ಎಂದರು. ಸ್ಪಿರಿಟ್ ಹಾಕಿ ಒರೆಸಿದ್ದಾಯಿತು, ಹೋಗಲಿಲ್ಲ. ಟ್ರೆಬಲ್ ಇಳಿಸಿದರೆ ಅದು ಹೋಗುತ್ತದೆ, ನನ್ನ ಮಾತೂ ಮಂಕಾಗುತ್ತದೆ. ಕಂಪನಿಯವರು ಇದನ್ನು ಕೇಳಿದರೆ ಟೇಪು ಹಾಳು ಎನ್ನುತ್ತಾರೆ. ಆ ಸದ್ದನ್ನು ತೆಗೆಯುವುದು ಹೇಗೆ, ತಿಳಿಸು.

ನಿನ್ನ
ರಂಗ


ಶಿವನಸಮುದ್ರ
14 ಮಾರ್ಚ್ 1978

ರಂಗ,

ನಿನ್ನ ಕಾಗದ ಈಗ ತಾನೇ ಬಂತು, ಈಗಲೇ ಉತ್ತರ ಬರೆಯುತ್ತಿದ್ದೇನೆ. ಹಿಂದಿನ ಕಾಗದದಲ್ಲಿ ಬಿರುಸಾಗಿ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನು ಆ ಸ್ಪೂಲನ್ನು ಮುಟ್ಟಬೇಡ. ಹಾಕಿ ಕೇಳಬೇಡ, ಹೆಡ್ಡು ಒರೆಸುತ್ತೇನೆ ಎಂದು ಯಾವನನ್ನೂ ಹತ್ತಿರ ಬಿಡಬೇಡ. ಧ್ವನಿಮುದ್ರಿಸುವ ಕೆಂಪು ಗುಂಡಿ ತಪ್ಪಿ ಒತ್ತಿದರೂ ಕೆಟ್ಟಿತು. ತೆಗೆದು ಡಬ್ಬಿಗೆ ಹಾಕಿ ಬೀರುವಿನಲ್ಲಿಡು. ಹಳೆಯದನ್ನು ಒರೆಸಿ ನೀನು ಹಾಡಿದ್ದು ಯಾವಾಗ, ದಿನದ ಯಾವ ಹೊತ್ತಿನಲ್ಲಿ, ಎಂಬುದನ್ನು ನೆನಪು ಮಾಡಿಕೊಂಡು ಬರೆ. ಆ ಸದ್ದು ತೆಗೆಯಲು ಇದು ತಿಳಿಯಲೇಬೇಕು.

ಮಂಡ್ಯದ ಕರೆಂಟು ಏರಿಳಿಯುತ್ತದೆ, ಅಲ್ಲಿ ಕೂತು ಈ ಕೆಲಸ ಆಗುವುದಿಲ್ಲ. ಇಲ್ಲಿ ಕರೆಂಟು ಹುಟ್ಟುವ ಜಾಗದಲ್ಲೇ ನಾವಿದ್ದೇವೆ, ಒಂದು ಗೆರೆ ಅಲ್ಲಾಡುವುದಿಲ್ಲ. ನಮ್ಮ ಸ್ಟಾಫ್ ಕ್ಲಬ್ಬಿನಲ್ಲಿ ಒಂದು ಮೆಷೀನಿದೆ, ಎಂಜಿನಿಯರ ಹತ್ತಿರ ಇನ್ನೊಂದಿದೆ. ಸ್ಪೂಲನ್ನೇ ಕಳಿಸಿಬಿಡು. ಕಂಪನಿಯ ವಿಳಾಸವನ್ನೂ ಬರೆ. ನಾನೇ ಮಿಕ್ಸ್ ಮಾಡಿಕೊಡುತ್ತೇನೆ.

ಮಾದು


ಮಂಡ್ಯ
22 ಮಾರ್ಚ್ 1978

ನನ್ನ ಪ್ರೀತಿಯ ಮಾದು,

‘ಮಾದು’ ಎಂದು ಸಹಿ ಹಾಕಿದ್ದನ್ನು ನೋಡಿ ನಾನು ಅಮ್ಮನಿಗೆ ತೋರಿಸಿದೆ. ಅಮ್ಮನೂ ಕಣ್ಣೊರೆಸಿಕೊಂಡರು. ನಿನ್ನ ಮನಸ್ಸು ತಿಳಿಯಾಯಿತಲ್ಲ, ಅಷ್ಟು ಸಾಕು ನನಗೆ.

ನಾನು ಹಾಡಿದ್ದು ಅದೇ ಜನವರಿಯ ಕೊನೆಯ ವಾರ, ಸಂಜೆ ಏಳರ ಹೊತ್ತು. ಚೆನ್ನಾಗಿ ನೆನಪಿದೆ. ಸುತ್ತಲಿನ ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತು, ಬಲ್ಬಿನ ತಂತಿ ಬರೀ ಕೆಂಪಗಿತ್ತು, ಉಗ್ರಾಣದಲ್ಲಿ ಹಾಡಿನ ಸಾಲು ಓದಲು ಲಾಂದ್ರ ಇಟ್ಟುಕೊಂಡಿದ್ದೆ. ಟೇಪು ಕೂಡ ಎಳೆದುಕೊಂಡು ಓಡುತ್ತಿತ್ತು. ಇದರಿಂದ ಏನಾದರೂ ತಿಳಿಯಿತೇ?

ಸ್ಪೂಲನ್ನು ನಿಮ್ಮ ಕಡೆ ಬಸ್ಸಿನ ಕಂಡಕ್ಟರ್ ಚೌಡಯ್ಯನ ಕೈಯಲ್ಲಿ ಕೊಟ್ಟಿದ್ದೇನೆ. ಟವೆಲಿನಲ್ಲಿ ಸುತ್ತಿ ಬಿಸ್ಕತ್ ಡಬ್ಬಿಯಲ್ಲಿಟ್ಟಿದೆ. ಅದಕ್ಕೆ ಬೇರೆ ಪ್ರತಿ ಇಲ್ಲ, ಜೋಪಾನ. ಕಂಪನಿಯ ವಿಳಾಸ ಡಬ್ಬಿಯೊಳಗಿದೆ. ರೆಕಾರ್ಡಿನ ಮೇಲೆ ‘ಗಿಟಾರು: ಮಾದಯ್ಯ’ ಎಂದು ಹಾಕಿಸುತ್ತೇನೆ, ಇದು ಮಾತು.

ನಿನ್ನ
ರಂಗ


ಶಿವನಸಮುದ್ರ
14 ಏಪ್ರಿಲ್ 1978

ಕಸ್ತೂರಿರಂಗನಿಗೆ,

ಕೆಲಸ ಮುಗಿಯಿತು. ಆ ಸದ್ದು ಏನೆಂದು ಹೇಳುತ್ತೇನೆ, ಕೂತು ಓದು.

ಟೇಪ್ ರೆಕಾರ್ಡರು ಹೊಸದನ್ನು ಬರೆಯುವಾಗ ಹಳೆಯದನ್ನು ಒರೆಸುತ್ತಾ ಹೋಗುತ್ತದೆ. ಒರೆಸುವುದಕ್ಕೂ ಕರೆಂಟು ಬೇಕು. ಬಲ್ಬು ಕೆಂಪಗಿದ್ದ ಆ ಸಂಜೆ ನಿನ್ನ ಮೆಷೀನಿಗೆ ಒರೆಸುವ ಶಕ್ತಿ ಇರಲಿಲ್ಲ. ನೀನು ಒರೆಸಿದೆ ಎಂದುಕೊಂಡೆ, ಅದು ಒರೆಸಿರಲಿಲ್ಲ. ನಿನ್ನ ದನಿಯ ಕೆಳಗೆ ಅಂಕಮ್ಮ ಇದ್ದಾಳೆ. ಮೂರು ವರ್ಷದಿಂದ ಇದ್ದಾಳೆ. ನಿನ್ನ ಎರಡನೇ ಕಾಗದ ಓದಿದಾಗಲೇ ನನಗೆ ತಿಳಿಯಿತು. ಅದಕ್ಕೇ ಬೆಣ್ಣೆ ಹಚ್ಚಿ ಬರೆದೆ. ನನ್ನ ಮನಸ್ಸು ತಿಳಿಯಾಗಿಲ್ಲ, ಆಗುವುದೂ ಇಲ್ಲ. ನಿಮ್ಮಮ್ಮ ಅತ್ತಿದ್ದಕ್ಕೆ ಮಾತ್ರ ನನಗೆ ಬೇಜಾರಿದೆ.

ಇಲ್ಲಿನ ಪೂರ್ತಿ ಕರೆಂಟಿನಲ್ಲಿ ಹಾಕಿದರೆ ನೀನು ಮೀಸೆ ಬರದ ಹುಡುಗನ ಹಾಗೆ ಕೀರಲು ದನಿಯಲ್ಲಿ ಹಾಡುತ್ತೀಯ. ಟೇಪು ಎಳೆದುಕೊಂಡು ಓಡುವಾಗ ಹಾಡಿದ್ದು, ಈಗ ಸರಿಯಾಗಿ ಓಡಿದರೆ ದನಿ ಮೇಲೇರುತ್ತದೆ. ಕಂಪನಿಯವರು ದನಿ ತೆಳ್ಳಗಿದೆ ಎಂದದ್ದು ಅದಕ್ಕೇ. ಮಧ್ಯಾಹ್ನ ಹಾಡಿದ ಅವಳು ಮಾತ್ರ ಇದ್ದ ಹಾಗೆ ಇದ್ದಾಳೆ.

ಯುಗಾದಿ ಕಳೆದ ಮಾರನೇ ದಿನ ಅವ್ವನನ್ನು ಕ್ಲಬ್ಬಿಗೆ ಕರೆದುಕೊಂಡು ಹೋದೆ. ಇಸ್ಪೀಟಿನವರು ಬರುವ ಮುಂಚೆ, ಬೆಳಿಗ್ಗೆ. ಗಿಟಾರು ತಮಟೆ ಎರಡನ್ನೂ ಪೂರ್ತಿ ಮುಚ್ಚಿ ದನಿಯ ಟ್ರ್ಯಾಕು ಒಂದನ್ನೇ ಹಾಕಿದೆ. ಅವ್ವ ಮೆಷೀನಿಗೆ ಕಿವಿ ಹಚ್ಚಿ ಕೂತಳು. ಎರಡನೇ ಸಾಲಿನ ಕೊನೆಗೆ ಅವಳಿಗೆ ಮಗಳು ಸಿಕ್ಕಳು. ಬಾಯಿಗೆ ಸೆರಗು ತುರುಕಿಕೊಂಡಳು. ಅಷ್ಟರಲ್ಲಿ ನೀನು ಮತ್ತೆ ಶುರು ಮಾಡಿದೆ. ಅವ್ವ ನನ್ನ ಕಡೆ ತಿರುಗಿ, “ಆ ಗಂಡ್ಸು ಯಾವನ್ಲಾ? ಒಂದ್ಗಳ್ಗೆ ಬಾಯ್ ಮುಚ್ಕಂಡಿರಕ್ಕೇಳು” ಎಂದಳು.

ಹೇಗೆ ಮುಚ್ಚಿಸಲಿ? ನಿನ್ನನ್ನು ಒರೆಸಿಬಿಡಬೇಕೆಂದು ಕೆಂಪು ಗುಂಡಿಯ ಮೇಲೆ ಬೆರಳಿಟ್ಟೆ. ಹದಿನಾರು ತಿಂಗಳಿಂದ ನಾನು ಕಾದಿದ್ದ ಗಳಿಗೆ ಅದು. ಒತ್ತಿದರೆ ನಿನ್ನ ಜೊತೆಗೆ ಅವಳೂ ಹೋಗುತ್ತಾಳೆ. ಇರುವುದು ಒಂದೇ ಟ್ರ್ಯಾಕು. ನನ್ನ ತಂಗಿಯನ್ನು ಕೇಳಬೇಕಾದರೆ ಸಾಯುವ ತನಕ ನಾನು ನಿನ್ನನ್ನು ಕೇಳಬೇಕು. ನೀನು ಉಸಿರು ಎಳೆದುಕೊಳ್ಳಲು ನಿಲ್ಲಿಸಿದ ಕಡೆ ಮಾತ್ರ ಅವಳು ಬರುತ್ತಾಳೆ. ಹನ್ನೊಂದು ಕಡೆ. ಒಂದು ಕಡೆ ‘ಗಾಡಿ’, ಒಂದು ಕಡೆ ‘ಹೊಂಟೈತೆ’, ಒಂದು ಕಡೆ ಅರ್ಧ ಮಾತು. ಈ ಹನ್ನೊಂದನ್ನೂ ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. ನಿನಗೆ ಇನ್ನೊಂದಿಷ್ಟು ದಮ್ಮು ಕಮ್ಮಿ ಇದ್ದಿದ್ದರೆ ನನ್ನ ತಂಗಿ ಇನ್ನೊಂದಿಷ್ಟು ಸಿಗುತ್ತಿದ್ದಳು ಎಂದು ದೇವರನ್ನು ಬೈದುಕೊಂಡೆ.

ಹಾಗಾಗಿ ಮಿಕ್ಸ್ ಮಾಡಿದೆ. ಗಿಟಾರು ಹಿಂದಕ್ಕೆ, ತಮಟೆ ಅದರ ಹಿಂದಕ್ಕೆ. ನೀನು ಹಾಡುವ ಕಡೆ ನಾಬು ತಗ್ಗಿಸಿ, ನೀನು ಉಸಿರೆಳೆಯುವ ಕಡೆ ತಟ್ಟನೆ ಏರಿಸಿ, ಹನ್ನೊಂದು ಕಡೆಯೂ ಕೈಯಲ್ಲೇ ಹಿಡಿದೆ. ಬೆರಳು ಒಂದು ಕ್ಷಣ ತಡವಾದರೆ ಮೊದಲಿನಿಂದ ಶುರು. ಹತ್ತೊಂಬತ್ತನೇ ಸಲಕ್ಕೆ ಸರಿಹೋಯಿತು. ನನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಅದನ್ನು ಮೊನ್ನೆ ರಿಜಿಸ್ಟರ್ ಅಂಚೆಯಲ್ಲಿ ನಿನ್ನ ಹೆಸರಿನಲ್ಲೇ ಕಂಪನಿಗೆ ಕಳಿಸಿದ್ದೇನೆ. ಮೂಲ ಸ್ಪೂಲು ಇನ್ನು ಅವ್ವನದು. ನಿನಗೆ ಬರುವುದಿಲ್ಲ.

ಮಾದಯ್ಯ


ಮಂಡ್ಯ
21 ಏಪ್ರಿಲ್ 1978

ಮಾದಯ್ಯ,

ನಂಬಿಸಿ ಕತ್ತು ಕೊಯ್ದೆ. ಮೊದಲು ನಿನ್ನ ಮೇಲೆ ಪೊಲೀಸಿಗೆ ದೂರು ಕೊಡಬೇಕು ಎಂದುಕೊಂಡೆ. ನಮ್ಮ ಚಿಕ್ಕಪ್ಪ ಸಂಪತ್ ಕುಮಾರ ತಾಲ್ಲೂಕು ಆಫೀಸಿನಲ್ಲಿರುವುದು ನಿನಗೆ ಗೊತ್ತು. ಬಿಳಿ ಹಾಳೆ ತೆಗೆದುಕೊಂಡು ಕೂತೂ ಕೂತೆ. ಏನೆಂದು ಬರೆಯಲಿ? ಸತ್ತ ಹುಡುಗಿಯ ದನಿಯನ್ನು ಅವಳ ತಾಯಿ ಇಟ್ಟುಕೊಂಡಿದ್ದಾಳೆ, ಬಿಡಿಸಿಕೊಡಿ ಎಂದೇ? ಹಾಳೆ ಹರಿದೆ.

ನೀನು ಒಂದು ಮಾತು ಯಾವತ್ತೂ ಕೇಳಲಿಲ್ಲ. ಯಾಕೆ ಒರೆಸಿದೆ ಎಂದು. ಕೇಳದಿದ್ದರೂ ಹೇಳುತ್ತೇನೆ. ಆ ಜನವರಿಯಲ್ಲಿ ಭಾವನ ಸ್ನೇಹಿತರು ಐದಾರು ಮಂದಿ ಮನೆಗೆ ಬಂದಿದ್ದರು. ಹಾಡು ಹಾಕಿದೆ. ಹಾಡು ಬರೆದವನು ನಾನು, ರಾಗ ಕಟ್ಟಿದವನು ನಾನು, ಮೆಷೀನು ನನ್ನದು. ಒಬ್ಬರಾದರೂ ಯಾರು ಬರೆದದ್ದು ಎನ್ನಲಿಲ್ಲ. ಯಾರಪ್ಪಾ ಆ ಹುಡುಗಿ, ಯಾರಪ್ಪಾ ಆ ಹುಡುಗಿ, ಇದೇ ಮಾತು. ಅವರು ಹೋಗುತ್ತಲೇ ಉಗ್ರಾಣದ ಬಾಗಿಲು ಹಾಕಿಕೊಂಡೆ. ಕರೆಂಟು ಸರಿಹೋಗುವ ತನಕ ಕಾಯುವ ತಾಳ್ಮೆಯೂ ನನಗಿರಲಿಲ್ಲ. ಹೊಟ್ಟೆಕಿಚ್ಚು ಕಣೋ, ಬೇರೇನೂ ಅಲ್ಲ. ಅವಳು ಸಾಯುತ್ತಾಳೆ ಎಂದು ನನಗೆ ಕನಸು ಬಿದ್ದಿತ್ತೇ?

ಇಷ್ಟು ಹೇಳಿದ್ದೇನೆ. ಸ್ಪೂಲು ನೀವೇ ಇಟ್ಟುಕೊಳ್ಳಿ. ಕಂಪನಿಗೆ ಮಾತ್ರ ಒಂದು ಕಾಗದ ಬರೆದು, ಆ ಟೇಪು ತಪ್ಪಿ ಬಂದಿದೆ ಎಂದು ವಾಪಸು ತರಿಸು. ಕೈ ಮುಗಿಯುತ್ತೇನೆ.

ಕಸ್ತೂರಿರಂಗ


ಮಂಡ್ಯ
18 ಮೇ 1978

ಮಾದಯ್ಯ,

ನಿನ್ನಿಂದ ಉತ್ತರ ಬರಲಿಲ್ಲ. ಕಂಪನಿಯಿಂದ ಬಂದಿದೆ.

ಮಿಕ್ಸಿಂಗು ಬಹಳ ಚೆನ್ನಾಗಿದೆಯಂತೆ. ಮನೆಯಲ್ಲಿ ಕೂತು ಇದನ್ನು ಮಾಡಿದಿರಾ ಎಂದು ಕೇಳಿದ್ದಾರೆ. ಆಮೇಲೆ ಹೀಗೆ ಬರೆದಿದ್ದಾರೆ, ಮ್ಯಾನೇಜರ ಮಾತನ್ನೇ ಎತ್ತಿ ಬರೆಯುತ್ತೇನೆ: ‘ಅಲ್ಲಲ್ಲಿ ಬರುವ ಹೆಣ್ಣು ದನಿಯನ್ನು ಯಾಕೆ ಮರೆಯಲ್ಲಿಟ್ಟಿದ್ದೀರಿ? ಗಂಡು ದನಿ ನಮಗೆ ಬೇಡ. ಜೂನ್ 12ರಂದು ಆ ಹುಡುಗಿಯನ್ನು ಸ್ಟುಡಿಯೋಕ್ಕೆ ಕರೆತನ್ನಿ. ಅವರಿಂದ ಈ ಹಾಡನ್ನೂ ಇನ್ನೆರಡು ಹಾಡುಗಳನ್ನೂ ಹೊಸದಾಗಿ ಹಾಡಿಸೋಣ. ಗಿಟಾರು ನುಡಿಸಿದವರೂ ಬರಲಿ. ರೈಲಿನ ಖರ್ಚು ನಮ್ಮದು.’

ನೀನು ಗೆದ್ದೆ. ನನ್ನನ್ನು ಅವರು ಬೇಡ ಎಂದರು, ಅದೂ ನನ್ನ ಹೆಸರಿಗೇ ಬರೆದ ಕಾಗದದಲ್ಲಿ. ಇನ್ನಾದರೂ ಸಮಾಧಾನವಾಯಿತೇ?

ಈಗ ಒಂದು ಮಾತು, ಸಿಟ್ಟಾಗದೆ ಕೇಳು. ಇಂಥ ಅವಕಾಶ ಮತ್ತೆ ಬರುವುದಿಲ್ಲ, ಹಾಡು ಉಳಿಯಬೇಕು. ನಮ್ಮ ಸೋದರತ್ತೆ ಮಗಳು ಚೂಡಾಮಣಿ ಮೈಸೂರಿನಲ್ಲಿ ಸಂಗೀತ ಕಲಿಯುತ್ತಿದ್ದಾಳೆ. ದನಿ ಹೆಚ್ಚುಕಮ್ಮಿ ಅದೇ ಥರ. ಹನ್ನೊಂದು ತುಣುಕು ಕೇಳಿದವರಿಗೆ ವ್ಯತ್ಯಾಸ ಏನು ತಿಳಿಯುತ್ತದೆ? ಅವಳನ್ನು ಕರೆದುಕೊಂಡು ಹೋಗೋಣ. ನೀನೂ ಗಿಟಾರು ಹಿಡಿದು ಬಾ. ಅಂಕಮ್ಮ ಇದ್ದಿದ್ದರೆ ಅವಳೂ ಬೇಡ ಎನ್ನುತ್ತಿರಲಿಲ್ಲ. ಯೋಚನೆ ಮಾಡು.

ಕಸ್ತೂರಿರಂಗ


ಶಿವನಸಮುದ್ರ
24 ಮೇ 1978

ಕಸ್ತೂರಿರಂಗನಿಗೆ,

ನಿನ್ನ ಹೊಟ್ಟೆಕಿಚ್ಚಿನ ಕಾಗದ ಓದಿ ಎರಡು ದಿನ ಮೆತ್ತಗಾಗಿದ್ದೆ. ಉತ್ತರ ಬರೆಯಬೇಕು, ಇಲ್ಲಿಗೆ ಸಾಕು ಎನ್ನಬೇಕು ಎಂದು ಅಂಚೆ ಕಾಗದ ಕೂಡ ತಂದಿಟ್ಟಿದ್ದೆ. ಮೊನ್ನೆಯ ನಿನ್ನ ಕಾಗದ ಬಂದದ್ದು ಒಳ್ಳೆಯದಾಯಿತು. ಒಂದು ಸಲ ಒರೆಸಿದ್ದು ಸಾಲದು ಎಂದು ಇನ್ನೊಂದು ಸಲ ಒರೆಸಲು ಹೊರಟಿದ್ದೀಯ. ಈ ಸಲ ಕರೆಂಟು ಸರಿಯಾಗಿರುವ ಕಡೆಯೇ ಒರೆಸಬೇಕು ಎಂದು ಸ್ಟುಡಿಯೋ ಹುಡುಕಿಕೊಂಡಿದ್ದೀಯ.

ಆ ಗಿಟಾರು ಮಂಚದ ಕೆಳಗಿದೆ. ಬೆಂಗಳೂರಿನಲ್ಲಿ ಗಿಟಾರು ನುಡಿಸಿ ರೆಕಾರ್ಡಿನ ಮೇಲೆ ಹೆಸರು ನೋಡಬೇಕು ಎಂಬ ಆಸೆ ನನಗೂ ಇತ್ತು, ಇಲ್ಲ ಎನ್ನುವುದಿಲ್ಲ. ಈ ಕಾಗದದ ಜೊತೆಗೆ ಅದನ್ನೂ ಮುಗಿಸುತ್ತಿದ್ದೇನೆ.

ನೀನು ಒಂದು ಕೆಲಸ ಮಾಡಬೇಕು. ಆ ಹುಡುಗಿ ಯಾರು, ಎಲ್ಲಿದ್ದಾಳೆ, ಅವಳ ದನಿ ಯಾಕೆ ಮರೆಯಲ್ಲಿದೆ, ಮೂರಕ್ಕೂ ನೀನೇ ಉತ್ತರ ಬರೆಯಬೇಕು. ಕಂಪನಿಯ ಮ್ಯಾನೇಜರಿಗೆ, ನಿನ್ನ ಕೈಬರಹದಲ್ಲಿ, ಹೆಸರು ಹಿಡಿದು. ‘ಆ ವಿಷಯ’ ಎಂಬ ಮಾತು ಅದರಲ್ಲಿ ಇರಕೂಡದು. ನೀನು ಬರೆಯದಿದ್ದರೆ ಜೂನ್ 12ಕ್ಕೆ ಅವ್ವನನ್ನು ಕರೆದುಕೊಂಡು ನಾನೇ ಸ್ಟುಡಿಯೋಕ್ಕೆ ಹೋಗುತ್ತೇನೆ. ಚೂಡಾಮಣಿ ಮೈಕಿನ ಮುಂದೆ ನಿಂತ ಹೊತ್ತಿಗೆ ಅವ್ವನೂ ಅಲ್ಲಿ ನಿಂತಿರುತ್ತಾಳೆ. ಆಮೇಲೆ ನಿನ್ನ ಭಾವ, ಚಿಕ್ಕಪ್ಪ, ಆಫೀಸಿನವರು ಯಾರು ಯಾರು ಏನೇನು ಕೇಳುತ್ತಾರೋ ಅದಕ್ಕೆಲ್ಲ ನೀನೇ ಉತ್ತರ ಕೊಟ್ಟುಕೊಳ್ಳಬೇಕು.

ಅಂಕಮ್ಮನ ಅಣ್ಣ,
ಮಾದಯ್ಯ


ಮಂಡ್ಯ
2 ಜೂನ್ 1978

ಮಾದಯ್ಯ,

ನೀನು ಹೇಳಿದಂತೆ ಬರೆದಿದ್ದೇನೆ. ಬರೆಯಲು ಎಂಟು ದಿನ ಹಿಡಿಯಿತು. ನೀನು ಮೊದಲು ನೋಡಲಿ ಎಂದು ನಿನಗೇ ಕಳಿಸುತ್ತಿದ್ದೇನೆ, ಕಂಪನಿಯ ವಿಳಾಸ ಬರೆದ ಲಕೋಟೆಯೂ ಒಳಗಿದೆ. ಇದನ್ನು ನಿಮ್ಮ ತಾಯಿಯವರಿಗೆ ಓದಿ ಹೇಳು. ಅವರು ಇಷ್ಟು ಸಾಕು ಎಂದರೆ, ಮುಂದಿನದು ನಿನ್ನ ಮನಸ್ಸಿಗೆ ಬಿಟ್ಟದ್ದು. ಚೂಡಾಮಣಿಗೆ ಬೇಡ ಎಂದು ತಿಳಿಸಿಯಾಯಿತು.

ಕಸ್ತೂರಿರಂಗ

(ಇದರೊಡನೆ ಇದ್ದ ಕಾಗದ)

ಮಾನ್ಯ ಮ್ಯಾನೇಜರವರಿಗೆ,

ತಾವು ಕೇಳಿದ ಹುಡುಗಿಯ ಹೆಸರು ಅಂಕಮ್ಮ. ಮಳವಳ್ಳಿ ತಾಲ್ಲೂಕಿನವರು. ಚಿಕ್ಕಬೋರಮ್ಮನವರ ಮಗಳು, ಗಿಟಾರು ನುಡಿಸಿದ ಮಾದಯ್ಯನ ತಂಗಿ. 1976ರ ನವೆಂಬರಿನಲ್ಲಿ ಮದ್ದೂರಿನಲ್ಲಿ ಕಾಮಾಲೆಯಿಂದ ತೀರಿಕೊಂಡರು. ಜೂನ್ 12ಕ್ಕೆ ಅವರನ್ನು ಕರೆತರಲು ಆಗುವುದಿಲ್ಲ.

ಅವರು ಈ ಹಾಡನ್ನು ಪೂರ್ತಿಯಾಗಿ, ಬಹಳ ಚೆನ್ನಾಗಿ ಹಾಡಿದ್ದರು. ಅದು ನನ್ನ ಹತ್ತಿರ ಇತ್ತು. ಎಲ್ಲರೂ ಅವರನ್ನೇ ಹೊಗಳಿದ್ದನ್ನು ಸಹಿಸಲಾರದೆ ನನ್ನ ಕೈಯಾರೆ ಅದನ್ನು ಒರೆಸಿ, ಅದರ ಮೇಲೆ ನಾನು ಹಾಡಿದೆ. ತಾವು ಕೇಳಿದ್ದು ಒರೆಸಿ ಉಳಿದದ್ದು. ಮಿಕ್ಸಿಂಗು ಮಾಡಿದ್ದು ನಾನಲ್ಲ, ಅವರ ಅಣ್ಣ. ಈ ಹಾಡನ್ನು ಬೇರೆ ಯಾರಿಂದಲೂ ಹಾಡಿಸಬಾರದೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕಸ್ತೂರಿರಂಗ


ಶಿವನಸಮುದ್ರ
6 ಜೂನ್ 1978

ಕಸ್ತೂರಿರಂಗನಿಗೆ,

ನೀನು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ‘ನನ್ನ ಕೈಯಾರೆ’ ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು. ಪೂರ್ತಿ ಓದಿ ಮಡಿಸಿದೆ. ಮತ್ತೆ ಸೊಪ್ಪಿಗೆ ಕೈ ಹಾಕಿ, ಅವನಿಗೂ ಒಬ್ಬ ತಾಯಿ ಇದ್ದಾಳಲ್ಲ, ಇದನ್ನು ಕೇಳಿದರೆ ಅವಳ ಗತಿ ಏನು ಎಂದಳು. ನೀನು ಎಣಿಸಿದ್ದೂ ಇದನ್ನೇ ಇರಬೇಕು. ಕಂಪನಿಗೆ ನೇರವಾಗಿ ಕಳಿಸದೆ ಅವ್ವನಿಗೆ ಓದಿ ಹೇಳು ಎಂದು ನನಗೆ ಕಳಿಸಿದ್ದು ಅದಕ್ಕೇ. ಅವ್ವ ಕರಗುತ್ತಾಳೆ, ನನ್ನ ಕೈ ಹಿಡಿಯುತ್ತಾಳೆ, ಕಾಗದ ಒಲೆಗೆ ಹೋಗುತ್ತದೆ.

ನಾನೂ ಹಾಗೇ ಆಗುತ್ತದೆ ಎಂದುಕೊಂಡಿದ್ದೆ. ಆಗಲಿ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಅವ್ವ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಹೊಸಿಲು ದಾಟಿದ ಮೇಲೆ ತಿರುಗಿ ನಿಂತು, “ಅಂಚೆಗಾಕ್ಬುಡು ಓಗ್ಲಾ” ಎಂದಳು.

ಲಕೋಟೆಯ ಮೇಲೆ ನೀನು ವಿಳಾಸ ಚೆನ್ನಾಗಿ ಬರೆದಿದ್ದೆ, ಸ್ಟಾಂಪು ಹಚ್ಚಿರಲಿಲ್ಲ. ನಾನು ಹಚ್ಚಿ ಇವತ್ತು ಬೆಳಿಗ್ಗೆ ಮಳವಳ್ಳಿಯ ಪೋಸ್ಟಾಫೀಸಿನಲ್ಲಿ ಹಾಕಿದ್ದೇನೆ.

ಮಾದಯ್ಯ